ಕಾರ್ಟ್‌ಗೆ ಹಾಕಿದರೆ ಸೀಟು ಹಿಡಿದಂತಲ್ಲ

ನಮ್ಮ ಅಕ್ಕನ ಮಗ ಅಮೆರಿಕಕ್ಕೆ ಎಂ.ಎಸ್. ಓದಲು ಹೊರಟ ವರ್ಷ, ಕೋರ್ಸ್ ರಿಜಿಸ್ಟ್ರೇಶನ್ ತೆರೆಯುವ ದಿನ ದಾವಣಗೆರೆಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಅಲ್ಲಿ ಬೆಳಿಗ್ಗೆ ಎಂಟು, ಇಲ್ಲಿ ಸಂಜೆ ಆರೂವರೆ. ಅಕ್ಕ ದೇವರಿಗೆ ದೀಪ ಹಚ್ಚಿ ಬಂದು ಅವನ ಬೆನ್ನ ಹಿಂದೆ ನಿಂತಿದ್ದಳು. ಮೂರು ಕೋರ್ಸುಗಳನ್ನು ವಾರದ ಹಿಂದೆಯೇ ಆರಿಸಿ ಪೋರ್ಟಲ್ಲಿನ ಕಾರ್ಟ್‌ಗೆ ಹಾಕಿಟ್ಟಿದ್ದ. ಗುಂಡಿ ಒತ್ತಿದ. ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂತು: ನಿಮ್ಮ ಖಾತೆಯ ಮೇಲೆ ‘ಹೋಲ್ಡ್’ ಇದೆ. ಕಾರಣ ಏನೆಂದು ನೋಡಿದರೆ, ದಡಾರದ ಲಸಿಕೆ!

ಎಂಎಂಆರ್, ಅಂದರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ. ಅದರ ಎರಡನೇ ಡೋಸಿನ ದಾಖಲೆ ಅವನ ಬಳಿ ಇರಲಿಲ್ಲ. ಅದನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ಬೇಕಿದ್ದ ಮೆಷಿನ್ ಲರ್ನಿಂಗ್ ತರಗತಿ ಭರ್ತಿಯಾಗಿತ್ತು. ಕಾರ್ಟ್ ಎನ್ನುವುದು ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಎಂದು ಅವನು ತಿಳಿದಿದ್ದ. ಅದು ಬರೀ ಚೀಟಿ ಬರೆದಿಟ್ಟುಕೊಂಡ ಹಾಗೆ.

ಇಲ್ಲಿ ಬಿ.ಇ. ಮುಗಿಸಿ ಹೋಗುವವರಿಗೆ ಇದೆಲ್ಲ ಹೊಸದು. ನಮ್ಮಲ್ಲಿ ಯಾವ ಸೆಮಿಸ್ಟರಿಗೆ ಯಾವ ವಿಷಯ ಎನ್ನುವುದು ಬಹುಪಾಲು ಸ್ಕೀಮ್‌ನಲ್ಲೇ ಅಚ್ಚಾಗಿರುತ್ತದೆ. ಇಲೆಕ್ಟಿವ್ ಪಟ್ಟಿ ಎಷ್ಟೇ ಉದ್ದವಿದ್ದರೂ ಕಾಲೇಜು ನಡೆಸುವುದು ಒಂದೋ ಎರಡೋ. ಅಮೆರಿಕದಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನ ವೇಳಾಪಟ್ಟಿಯನ್ನು ತಾನೇ ಕಟ್ಟಿಕೊಳ್ಳಬೇಕು. ಅದಕ್ಕೆ ದಾರಿ ಹೇಳುವವರು ಅಡ್ವೈಸರ್, ಅಂದರೆ ಸಲಹೆಗಾರರು. ಅವರು ಹೇಳುತ್ತಾರೆ, ಅಷ್ಟೇ. ಆರಿಸುವುದೂ ನೀವೇ, ತಪ್ಪಿದರೆ ಅನುಭವಿಸುವುದೂ ನೀವೇ.

ಅಡ್ವೈಸರ್ ಎಂಬ ಹೆಸರಿನವರು ಅಲ್ಲಿ ಇಬ್ಬರಿರುತ್ತಾರೆ. ಒಬ್ಬರು ನಿಮ್ಮ ವಿಭಾಗದ ಅಕಾಡೆಮಿಕ್ ಅಡ್ವೈಸರ್. ಪದವಿಗೆ ಏನೇನು ಓದಬೇಕು, ಯಾವುದಕ್ಕಿಂತ ಮೊದಲು ಯಾವುದು ಎನ್ನುವುದು ಅವರ ಕೆಲಸ. ಇನ್ನೊಬ್ಬರು ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಅಧಿಕಾರಿ. ಅವರನ್ನು ಡಿಎಸ್ಒ ಎನ್ನುತ್ತಾರೆ. ನಿಮ್ಮ ಐ-20 ಕಾಗದ, ವೀಸಾ ನಿಯಮ ಎಲ್ಲ ಅವರ ಕೈಯಲ್ಲಿ. ವೀಸಾ ಪ್ರಶ್ನೆಯನ್ನು ಪ್ರೊಫೆಸರ್ ಬಳಿ ಕೇಳಬೇಡಿ. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ತಪ್ಪು ಉತ್ತರ ಕೊಟ್ಟಾರು.

ಈಗ ಕ್ರೆಡಿಟ್ ಲೆಕ್ಕ. ಕ್ರೆಡಿಟ್ ಎಂದರೆ ಓದಿನ ತೂಕದ ಅಳತೆ. ಒಂದು ಕೋರ್ಸಿಗೆ ಸಾಮಾನ್ಯವಾಗಿ 3 ಕ್ರೆಡಿಟ್, ವಾರಕ್ಕೆ ಸುಮಾರು ಮೂರು ಗಂಟೆ ಪಾಠ. ಎಂ.ಎಸ್.ಗೆ ಹೆಚ್ಚಿನ ಕಡೆ 30ರಿಂದ 36 ಕ್ರೆಡಿಟ್ ಬೇಕು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋದವರು ಫಾಲ್ ಮತ್ತು ಸ್ಪ್ರಿಂಗ್ ಎರಡೂ ಸೆಮಿಸ್ಟರಿನಲ್ಲಿ ಪೂರ್ಣಾವಧಿ ವಿದ್ಯಾರ್ಥಿಯಾಗಿರಲೇಬೇಕು. ಫಾಲ್ ಎಂದರೆ ಆಗಸ್ಟಿನಿಂದ ಡಿಸೆಂಬರ್, ಸ್ಪ್ರಿಂಗ್ ಎಂದರೆ ಜನವರಿಯಿಂದ ಮೇ. ಪದವಿ ಓದುವವರಿಗೆ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್. ಸ್ನಾತಕೋತ್ತರದವರಿಗೆ ಎಷ್ಟು ಎನ್ನುವುದನ್ನು ವಿಶ್ವವಿದ್ಯಾಲಯವೇ ನಿಗದಿ ಮಾಡುತ್ತದೆ. ಬಹಳ ಕಡೆ ಅದು 9. ಈ ಲೆಕ್ಕಕ್ಕೆ ಪೂರ್ತಿ ಆನ್‌ಲೈನ್ ಕೋರ್ಸ್ ಒಂದೇ ಒಂದು, 3 ಕ್ರೆಡಿಟ್‌ನಷ್ಟು ಮಾತ್ರ, ಸೇರುತ್ತದೆ. ವೇಯ್ಟ್‌ಲಿಸ್ಟ್, ಅಂದರೆ ಕಾಯುವ ಪಟ್ಟಿಯಲ್ಲಿರುವ ಕೋರ್ಸು ಲೆಕ್ಕಕ್ಕೇ ಇಲ್ಲ.

ಕೋರ್ಸ್ ಕಷ್ಟವಾಯಿತು, ಬಿಟ್ಟುಬಿಡಲೇ? ಬಿಟ್ಟರೆ ಪೂರ್ಣಾವಧಿಯ ಲೆಕ್ಕಕ್ಕಿಂತ ಕಡಿಮೆಯಾಗುವುದಾದರೆ, ಬಿಡುವ ಮೊದಲು ಡಿಎಸ್ಒ ಅನುಮತಿ ಬೇಕು. ಬಿಟ್ಟ ಮೇಲೆ ಕೇಳಿದರೆ ವೀಸಾ ಸ್ಥಿತಿಯೇ ಕೆಟ್ಟಿರುತ್ತದೆ. ಕಾಯಿಲೆ, ಅಲ್ಲಿನ ಪಾಠದ ರೀತಿಗೆ ಆರಂಭದಲ್ಲಿ ಹೊಂದಿಕೊಳ್ಳಲಾಗದಿರುವುದು, ಕೊನೆಯ ಸೆಮಿಸ್ಟರಿಗೆ ಕಡಿಮೆ ಕ್ರೆಡಿಟ್ ಸಾಕಾಗುವುದು, ಇಂಥ ಕೆಲವೇ ಕಾರಣಗಳಿಗೆ ವಿನಾಯಿತಿ ಸಿಗುತ್ತದೆ.

ಅಡ್ವೈಸರ್ ಭೇಟಿಗೆ ಹೇಗೆ ತಯಾರಾಗುವುದು? ವಿಭಾಗದ ಹ್ಯಾಂಡ್‌ಬುಕ್ ತೆಗೆದು ಒಮ್ಮೆ ಪೂರ್ತಿ ಓದಿ. ಒಂದು ಹಾಳೆಯ ಮೇಲೆ ನಾಲ್ಕು ಸೆಮಿಸ್ಟರಿನ ನಾಲ್ಕು ಮನೆ ಗೀಚಿ. ಕಡ್ಡಾಯ ಕೋರ್ಸುಗಳನ್ನು ಮೊದಲು ಕೂರಿಸಿ. ಕೆಲವು ಕೋರ್ಸು ಫಾಲ್‌ನಲ್ಲಿ ಮಾತ್ರ ನಡೆಯುತ್ತವೆ. ಅದೊಂದು ತಪ್ಪಿದರೆ ಇಡೀ ವರ್ಷ ಕಾಯಬೇಕು. ಪ್ರೀರಿಕ್ವಿಸಿಟ್, ಅಂದರೆ ಮೊದಲೇ ಓದಿರಬೇಕಾದ ವಿಷಯ ಯಾವುದಿದೆ ನೋಡಿ. ಅದನ್ನು ನೀವು ಇಲ್ಲೇ ಓದಿದ್ದರೂ ಅಲ್ಲಿನ ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಬಿ.ಇ.ಯ ಸಿಲಬಸ್ ಪ್ರತಿ, ಅಂಕಪಟ್ಟಿ ಕಳಿಸಿ ಅನುಮತಿ ಕೇಳಬೇಕು.

ಮೇಲ್ ಬರೆಯುವಾಗ ‘ರೆಸ್ಪೆಕ್ಟೆಡ್ ಸರ್’ ಎಂದು ಒಂದು ಪುಟ ಬೇಡ. ‘ನನಗೆ ಯಾವ ಕೋರ್ಸ್ ಒಳ್ಳೆಯದು?’ ಎಂದು ಕೇಳಿದರೆ ಉತ್ತರಕ್ಕೆ ಬದಲು ಒಂದು ಲಿಂಕ್ ಬರುತ್ತದೆ. ‘ಈ ಮೂರು ಆರಿಸಿದ್ದೇನೆ. ಸಂಭವನೀಯತೆಯ ಗಣಿತವನ್ನು ಬಿ.ಇ.ಯಲ್ಲಿ ಅರ್ಧ ಪೇಪರ್ ಮಾತ್ರ ಓದಿದ್ದೇನೆ. ಮೂರನೆಯದನ್ನು ಈಗಲೇ ತೆಗೆದುಕೊಳ್ಳಬಹುದೇ, ಸ್ಪ್ರಿಂಗ್‌ಗೆ ಇಟ್ಟುಕೊಳ್ಳಲೇ?’ ಎಂದು ಕೇಳಿ ನೋಡಿ, ಮನುಷ್ಯರು ಉತ್ತರಿಸುತ್ತಾರೆ. ವಿದ್ಯಾರ್ಥಿ ಸಂಖ್ಯೆ ಹಾಕುವುದನ್ನು ಮರೆಯಬೇಡಿ. ಸೀನಿಯರ್‌ಗಳ ವಾಟ್ಸಾಪ್ ಗುಂಪಿನ ‘ಈಜಿ ಕೋರ್ಸ್’ ಪಟ್ಟಿಯನ್ನು ನಾನಾದರೆ ಕೊನೆಗೆ ನೋಡುತ್ತೇನೆ. ಆದರೆ ಯಾರ ಪಾಠ ಚೆನ್ನಾಗಿದೆ ಎಂದು ಅವರನ್ನು ಕೇಳಲೇಬೇಕು.

ರಿಜಿಸ್ಟ್ರೇಶನ್‌ಗೆ ಎರಡು ವಾರ ಮೊದಲೇ ಪೋರ್ಟಲ್ಲಿನಲ್ಲಿ ‘ಹೋಲ್ಡ್ಸ್’ ಎಂಬ ಕೊಂಡಿ ಒತ್ತಿ ನೋಡಿ. ಹೋಲ್ಡ್ ಎಂದರೆ ತಡೆ. ಫೀ ಬಾಕಿ, ಪದವಿಯ ಅಂತಿಮ ಅಂಕಪಟ್ಟಿ ತಲುಪದಿರುವುದು, ಕ್ಷಯದ ಪರೀಕ್ಷೆ, ಲಸಿಕೆ, ಅಡ್ವೈಸರ್ ಒಪ್ಪಿಗೆ, ಯಾವುದೂ ಇರಬಹುದು. ಚಿಕ್ಕಂದಿನ ಲಸಿಕೆ ಚೀಟಿ ಸಿಗದಿದ್ದರೆ ಎಂಎಂಆರ್ ಹೊಸದಾಗಿ ಹಾಕಿಸಿಕೊಳ್ಳಬಹುದು. ಆದರೆ ಎರಡು ಡೋಸಿನ ನಡುವೆ ಕನಿಷ್ಠ 28 ದಿನ ಬೇಕು. ಆದ್ದರಿಂದ ವೀಸಾ ಬರಲಿ ಎಂದು ಕಾಯದೆ ಈ ಕೆಲಸ ಮುಗಿಸಿಬಿಡಿ. ಕೆಲವು ವಿಶ್ವವಿದ್ಯಾಲಯಗಳು ನೀವು ಅಲ್ಲಿಗೆ ಹೋಗಿ ಪಾಸ್‌ಪೋರ್ಟ್ ತೋರಿಸುವವರೆಗೂ ಹೋಲ್ಡ್ ತೆಗೆಯುವುದಿಲ್ಲ. ಅದಕ್ಕೆ ಗಾಬರಿ ಬೇಡ.

ವೇಳಾಪಟ್ಟಿಯಲ್ಲಿ ‘ಟಿಆರ್’ ಎಂದಿದ್ದರೆ ಮಂಗಳವಾರ, ಗುರುವಾರ ಎಂದರ್ಥ. ಮಂಗಳವಾರ ‘ಟಿ’ ಅಕ್ಷರವನ್ನು ತೆಗೆದುಕೊಂಡಿದ್ದರಿಂದ ಗುರುವಾರಕ್ಕೆ ‘ಆರ್’ ಉಳಿಯಿತು. ಮೂರು ಕೋರ್ಸ್ ಬೇಕಿದ್ದರೆ ಐದನ್ನು ಗುರುತಿಸಿಡಿ, ಸಮಯ ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ. ಬೇಕಾದ್ದು ಭರ್ತಿಯಾಗಿದ್ದರೆ ವೇಯ್ಟ್‌ಲಿಸ್ಟ್‌ಗೆ ಸೇರಿ, ಜೊತೆಗೆ ಬೇರೊಂದನ್ನು ಹಿಡಿದು 9 ಕ್ರೆಡಿಟ್ ತುಂಬಿಸಿಕೊಳ್ಳಿ. ತರಗತಿ ಶುರುವಾದ ಮೊದಲ ಒಂದೆರಡು ವಾರ ‘ಆ್ಯಡ್-ಡ್ರಾಪ್’ ಅವಧಿ. ಆಗ ಕೋರ್ಸ್ ಸೇರಿಸಬಹುದು, ಬಿಡಬಹುದು. ನಮ್ಮ ಹುಡುಗನಿಗೆ ಮೆಷಿನ್ ಲರ್ನಿಂಗ್ ಸಿಕ್ಕಿದ್ದು ಆಗಲೇ. ಮೊದಲ ಅಸೈನ್‌ಮೆಂಟ್ ನೋಡಿ ಹಲವರು ಎದ್ದು ಹೋಗಿದ್ದರು. ಆ ಗಡುವು ದಾಟಿ ಬಿಟ್ಟರೆ ಅಂಕಪಟ್ಟಿಯಲ್ಲಿ ‘ಡಬ್ಲ್ಯು’, ಅಂದರೆ ನಡುವೆ ಬಿಟ್ಟದ್ದು ಎಂದು ಬೀಳುತ್ತದೆ.

ಇನ್ನು ದುಡ್ಡು. ಅಡ್ವೈಸರ್ ಸಲಹೆಗೆ ಪೈಸೆಯೂ ಕೊಡಬೇಕಿಲ್ಲ. ಇಲ್ಲಿನ ಏಜೆಂಟರು ‘ಕೋರ್ಸ್ ಸೆಲೆಕ್ಷನ್ ಪ್ಯಾಕೇಜ್’ ಎಂದರೆ ಬೇಡ ಎನ್ನಿ. ಬೋಧನಾ ಶುಲ್ಕ ಸಾಮಾನ್ಯವಾಗಿ ಕ್ರೆಡಿಟ್ ಲೆಕ್ಕದಲ್ಲಿ. ಉದಾಹರಣೆಗೆ ಕ್ರೆಡಿಟ್‌ಗೆ 1,200 ಡಾಲರ್ ಎಂದುಕೊಳ್ಳಿ, 9 ಕ್ರೆಡಿಟ್‌ಗೆ 10,800. ಇದರ ಮೇಲೆ ವಿದ್ಯಾರ್ಥಿ ಶುಲ್ಕಗಳು, ಹೆಚ್ಚಿನ ಕಡೆ ಆರೋಗ್ಯ ವಿಮೆ. ತಡವಾಗಿ ನೋಂದಾಯಿಸಿದರೆ ದಂಡ. ಕೋರ್ಸ್ ಬಿಟ್ಟರೆ ಸಾಮಾನ್ಯವಾಗಿ ಮೊದಲ ದಿನಗಳಲ್ಲಿ ಪೂರ್ತಿ ಹಣ ವಾಪಸ್, ಆಮೇಲೆ ವಾರವಾರಕ್ಕೂ ಕಡಿತ. ಈ ದಿನಾಂಕಗಳೆಲ್ಲ ಅಕಾಡೆಮಿಕ್ ಕ್ಯಾಲೆಂಡರಿನಲ್ಲಿರುತ್ತವೆ. ರಿಜಿಸ್ಟ್ರಾರ್ ಕಚೇರಿಯ ಪುಟದಿಂದ ಇಳಿಸಿಕೊಂಡು ಗೋಡೆಗೆ ಅಂಟಿಸಿ. ಹಣದ ಪ್ರಶ್ನೆಗೆ ಬರ್ಸರ್, ಅಂದರೆ ಲೆಕ್ಕದ ಕಚೇರಿ.

ಅಪ್ಪ ಅಮ್ಮ ಕೇಳುವ ಪ್ರಶ್ನೆ ಒಂದಿದೆ: ಮಗನ ಅಂಕ ನಾವು ನೋಡಬಹುದಾ? 1974ರ ಫರ್ಪಾ ಎಂಬ ಕಾನೂನಿನ ಪ್ರಕಾರ ಕಾಲೇಜು ಸೇರಿದ ಮೇಲೆ ಆ ದಾಖಲೆಗಳ ಹಕ್ಕು ವಿದ್ಯಾರ್ಥಿಯದು. ನೀವು ಫೋನ್ ಮಾಡಿದರೂ ಕಚೇರಿಯವರು ಬಾಯಿ ಬಿಡುವುದಿಲ್ಲ. ಆದರೆ ಬಹುತೇಕ ಕಡೆ ವಿದ್ಯಾರ್ಥಿಯೇ ಪೋರ್ಟಲ್ಲಿನಲ್ಲಿ ನಿಮ್ಮನ್ನು ಫೀ ಕಟ್ಟುವವರಾಗಿ ಸೇರಿಸಬಹುದು. ಅಕ್ಕನ ಬಳಿ ಅಂಥ ಲಾಗಿನ್ ಇದೆ. ಪ್ರತಿ ಸೆಮಿಸ್ಟರಿಗೂ ಎಷ್ಟು ಡಾಲರ್ ಬಾಕಿ ಎಂದು ಅವಳಿಗೆ ಸೆಂಟ್ ಲೆಕ್ಕದಲ್ಲಿ ಗೊತ್ತು. ಅಂಕ ಮಾತ್ರ, ಅವನು ಹೇಳಿದಷ್ಟೇ.