ಮರದ ಪುಟ್ಟ ತೇರು: ಗಾಲಿಯಿಂದ ಕಳಸದವರೆಗೆ ಗುಲಗಂಜಿ ಗಾತ್ರದ ಕುಸುರಿ

ನಂಜನಗೂಡು: ಫಾಲ್ಗುಣ ಮಾಸದ ದೊಡ್ಡಜಾತ್ರೆಯಂದು ಇಲ್ಲಿನ ರಥಬೀದಿಗಳಲ್ಲಿ ಐದು ತೇರುಗಳು ಸಾಗುತ್ತವೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ ಹಾಗೂ ಚಂಡಿಕೇಶ್ವರರ ಈ ಪಂಚ ಮಹಾರಥಗಳಲ್ಲಿ ಶ್ರೀಕಂಠೇಶ್ವರನ ಗೌತಮ ರಥವೇ ಅತಿ ದೊಡ್ಡದು. ಅಂಥ ತೇರನ್ನು ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಗಿ ಮರದಲ್ಲಿ ರೂಪಿಸುವುದು ಕಠಿಣ ಕೆಲಸ. ಕಷ್ಟವಿರುವುದು ತೇರಿನ ಒಡಲಿನಲ್ಲಲ್ಲ, ಅದರ ಬಿಡಿಭಾಗಗಳಲ್ಲಿ.

ಇದು ಕೇವಲ ಹವ್ಯಾಸದ ಮಾತಲ್ಲ. ನೆರೆಯ ಚಾಮರಾಜನಗರದಲ್ಲಿ ಚಾಮರಾಜೇಶ್ವರ ದೇವಾಲಯದ ತೇರು 2017ರಲ್ಲಿ ಬೆಂಕಿಗೆ ತುತ್ತಾಯಿತು. ಹೊಸ ತೇರು ಸಿದ್ಧವಾಗಿ ರಥೋತ್ಸವ ಮತ್ತೆ ನಡೆದದ್ದು 2022ರಲ್ಲಿ. ಮರದ ತೇರಿಗೆ ಬೆಂಕಿ, ಮಳೆ, ಗೆದ್ದಲು ಮೂರೂ ಶತ್ರುಗಳು. ಅಳತೆಗೆ ನಿಷ್ಠವಾದ ಒಂದು ಮಾದರಿ ಉಳಿದಿದ್ದರೆ ಯಾವ ತೊಲೆ ಯಾವುದಕ್ಕೆ ಸೇರಿತ್ತು, ಯಾವ ಬೊಂಬೆ ಎಲ್ಲಿ ಕುಳಿತಿತ್ತು ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ.

ಅಳತೆಯ ಲೆಕ್ಕ

ಮೊದಲು ಪ್ರಮಾಣವನ್ನು ನಿಗದಿಪಡಿಸಬೇಕು. ಉದಾಹರಣೆಗೆ, ಇಪ್ಪತ್ತರಲ್ಲಿ ಒಂದು ಪಾಲು ಎಂದಿಟ್ಟುಕೊಳ್ಳೋಣ. ಆಗ 6 ಅಡಿ ಎತ್ತರದ ಗಾಲಿ ಸುಮಾರು 9 ಸೆಂಟಿಮೀಟರಿಗೆ ಇಳಿಯುತ್ತದೆ. ಒಂದು ಅಡಿಯ ಕೆತ್ತನೆಯ ಬೊಂಬೆ 15 ಮಿಲಿಮೀಟರ್ ಆಗುತ್ತದೆ. ಅದರ ಮುಖ ಎರಡು ಮಿಲಿಮೀಟರ್ ಮಾತ್ರ. 4 ಅಂಗುಲದ ಗಂಟೆಯೊಂದು 5 ಮಿಲಿಮೀಟರಿಗೆ ಕುಗ್ಗಿ ಹೆಚ್ಚುಕಡಿಮೆ ಗುಲಗಂಜಿಯಷ್ಟಾಗುತ್ತದೆ.

ಎರಡು ಮಿಲಿಮೀಟರಿನ ಮುಖದಲ್ಲಿ ಕಣ್ಣು, ಮೂಗು ಕೆತ್ತಲಾಗದು. ಅಲ್ಲಿ ಕುಶಲಕರ್ಮಿ ವಿವರವನ್ನು ಕೆತ್ತುವುದಿಲ್ಲ, ಸೂಚಿಸುತ್ತಾನೆ. ಹಣೆಯ ಕೆಳಗೊಂದು ಸಣ್ಣ ಕಚ್ಚು, ಅದರ ನೆರಳು ಇಷ್ಟೇ ಸಾಕು. ಉಳಿದದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ.

ಗಾಲಿಯ ಗುಟ್ಟು

ಗಾಲಿ ಮಾಡಲು ಸುಲಭವಾದ ದಾರಿಯೊಂದಿದೆ. ಲೇತ್ ಯಂತ್ರದಲ್ಲಿ ಮರದ ತುಂಡನ್ನು ಉರುಳೆಯಾಗಿ ಕಡೆದು, ಸೌತೆಕಾಯಿಯಂತೆ ಬಿಲ್ಲೆಗಳಾಗಿ ಕತ್ತರಿಸುವುದು. ಎಲ್ಲ ಗಾಲಿಗಳೂ ಒಂದೇ ಅಳತೆಗೆ ಬರುತ್ತವೆ. ಆದರೆ ಹೀಗೆ ಕತ್ತರಿಸಿದಾಗ ಮರದ ಎಳೆಯ ತುದಿಗಳು ಗಾಲಿಯ ಮುಖದಲ್ಲಿ ಬಂದು ನಿಲ್ಲುತ್ತವೆ. ಒಣಗಿದಂತೆ ಅಂಥ ಬಿಲ್ಲೆ ನಡುವಿನಿಂದ ಅಂಚಿಗೆ ಸೀಳುವ ಸಂಭವ ಹೆಚ್ಚು, ನಯವಾದ ಕೆತ್ತನೆಗೂ ಒಗ್ಗದು.

ನಿಜವಾದ ತೇರಿನ ಗಾಲಿಗಳಲ್ಲಿ ದಪ್ಪ ಹಲಗೆಗಳನ್ನು ಜೋಡಿಸಿ ಕಬ್ಬಿಣದ ಪಟ್ಟಿಗಳಿಂದ ಬಿಗಿಯುವುದುಂಟು. ಮಾದರಿಯಲ್ಲೂ ಅದೇ ಕ್ರಮ ಉತ್ತಮ. ಮೂರು ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಅಂಟಿಸಬೇಕು. ಮೊದಲು ಬೈರಿಗೆಯಿಂದ ನಡುವಿನ ರಂಧ್ರ ಕೊರೆಯಬೇಕು. ಆ ರಂಧ್ರವನ್ನೇ ಆಧಾರವಾಗಿಟ್ಟುಕೊಂಡು ಅಂಚನ್ನು ದುಂಡಗೆ ಕಡೆಯಬೇಕು. ಈ ಕ್ರಮ ತಲೆಕೆಳಗಾದರೆ ರಂಧ್ರ ನಡುವಿನಿಂದ ಸರಿದು ಗಾಲಿ ತೊನೆಯುತ್ತದೆ. ಕಬ್ಬಿಣದ ಪಟ್ಟಿಯ ಜಾಗದಲ್ಲಿ ಕಪ್ಪು ಬಳಿದ ದಪ್ಪ ಕಾಗದ, ಮೊಳೆಯ ಜಾಗದಲ್ಲಿ ಗುಂಡುಸೂಜಿಯ ತಲೆ ಸಾಕು. ಅಚ್ಚು ನಡುವೆ ಚೌಕಾಕಾರವಾಗಿರಲಿ, ತುದಿಗಳಲ್ಲಷ್ಟೇ ದುಂಡಗಿರಲಿ. ಗಾಲಿ ಕಳಚದಂತೆ ತಡೆಯುವ ಕಡಾಣಿಯನ್ನು ಬಿದಿರಿನ ಕಡ್ಡಿಯಿಂದ ಮಾಡಬಹುದು.

ಒಂದೇ ಬಗೆಯ ಹತ್ತಾರು ತುಂಡು

ಪೀಠದ ಸುತ್ತ ಸಾಲುಗಟ್ಟುವ ಒಂದೇ ಆಕಾರದ ತುಂಡುಗಳನ್ನು ಬಿಡಿಬಿಡಿಯಾಗಿ ಕೆತ್ತಿದರೆ ಒಂದರಂತೆ ಇನ್ನೊಂದು ಬಾರದು. ಉದ್ದನೆಯ ಪಟ್ಟಿಯೊಂದಕ್ಕೆ ಬೇಕಾದ ಅಂಚಿನ ಆಕಾರ ಕೊಟ್ಟು, ನಂತರ ಅದನ್ನು ಸಮನಾಗಿ ತುಂಡರಿಸುವುದು ಜಾಣತನ. ಬೊಂಬೆಗಳನ್ನಾದರೋ ಉದ್ದ ಕೋಲಿನ ತುದಿಯಲ್ಲಿ ಕೆತ್ತಿ ಕೊನೆಗೆ ಬೇರ್ಪಡಿಸಬೇಕು. ಹಿಡಿಯಲು ಜಾಗವಿಲ್ಲದ ತುಂಡಿನ ಮೇಲೆ ಉಳಿ ಆಡಿಸಿದರೆ ಮರದ ಬದಲು ಬೆರಳು ಸೀಳುತ್ತದೆ. ಚಾಚಿದ ಕೈ, ಕಾಲುಗಳ ಉದ್ದಕ್ಕೇ ಮರದ ಎಳೆ ಸಾಗುವಂತೆ ನೋಡಿಕೊಳ್ಳಬೇಕು. ಎಳೆ ಅಡ್ಡವಾದರೆ ತೆಳುವಾದ ಭಾಗ ಮುರಿಯುವುದು ಖಚಿತ.

ಕಳಸದಂಥ ದುಂಡು ಭಾಗಗಳಿಗೆ ಚನ್ನಪಟ್ಟಣದ ವಿಧಾನಕ್ಕೆ ಸಾಟಿಯಿಲ್ಲ. ಅಲ್ಲಿ ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ತಾಳೆಗರಿಯಿಂದ ಒತ್ತಿದಾಗ ಹೊಳಪು ಬರುತ್ತದೆ. ಕುಂಚದ ಬಣ್ಣ ಸಣ್ಣ ಕಚ್ಚುಗಳನ್ನು ಮುಚ್ಚಿಬಿಡುತ್ತದೆ, ತೆಳುವಾದ ಅರಗು ಹಾಗೆ ಮಾಡದು. ಹಗ್ಗಕ್ಕೆ ಹೊಲಿಗೆಯ ದಾರವೇ ಸಾಕು. ಮೂರು ಎಳೆಗಳನ್ನು ಅವುಗಳ ಹುರಿಗೆ ವಿರುದ್ಧವಾಗಿ ಹೊಸೆದರೆ ಹಗ್ಗ ಬಿಚ್ಚಿಕೊಳ್ಳದೆ ನಿಲ್ಲುತ್ತದೆ.

ಮಕ್ಕಳ ಕೈಗೆ ಕೊಡುವ ಮುನ್ನ

ಕಪಿಲೆಯ ದಡದಲ್ಲೇ ಕೆಳಗೆ ಸಾಗಿದರೆ, ಅದು ಕಾವೇರಿಯನ್ನು ಕೂಡುವ ತಿ. ನರಸೀಪುರದಲ್ಲಿ ಗುಂಜಾ ನರಸಿಂಹನ ಗುಡಿಯಿದೆ. ಸ್ವಾಮಿಯ ಬೆರಳುಗಳ ನಡುವೆ ಗುಲಗಂಜಿ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂಬುದು ಭಕ್ತರ ನಂಬಿಕೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಈ ಬೀಜ ಕೆಂಪು ಮಣಿಯಂತೆ ಚೆಂದ ಕಾಣುತ್ತದೆ. ಆದರೆ ಪುಟ್ಟ ತೇರಿನ ಅಲಂಕಾರಕ್ಕೆ ಅದನ್ನು ಬಳಸಲೇಬಾರದು. ಜಗಿದರೆ ಅಥವಾ ರಂಧ್ರ ಕೊರೆದರೆ ಹೊರಬರುವ ಅದರ ವಿಷ ಪ್ರಾಣಕ್ಕೆ ಅಪಾಯಕಾರಿ.

ವಿಷವಿಲ್ಲದ ಬಿಡಿಭಾಗವೂ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಆದ್ದರಿಂದಲೇ ಆಟಿಕೆಗಳ ಸುರಕ್ಷತಾ ಮಾನದಂಡದಲ್ಲಿ 31.7 ಮಿಲಿಮೀಟರ್ ವ್ಯಾಸದ ಒಂದು ಕೊಳವೆಯ ಪರೀಕ್ಷೆಯಿದೆ. ಅದರೊಳಗೆ ಪೂರ್ತಿಯಾಗಿ ಹಿಡಿಸುವ ಭಾಗ ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಕಳಚುವಂತಿರಕೂಡದು. ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಗುರುತು ಕಡ್ಡಾಯವಾಯಿತು. ನೋಂದಾಯಿತ ಕರಕುಶಲಕರ್ಮಿಗಳಿಗೆ ಇದರಿಂದ ವಿನಾಯಿತಿ ದೊರೆಯಿತು. ಆದರೆ ವಿನಾಯಿತಿ ಗುರುತಿಗೆ ಮಾತ್ರ, ಅಪಾಯಕ್ಕಲ್ಲ. ಆದಕಾರಣ ಕಡಾಣಿ, ಗಂಟೆ, ಬೊಂಬೆಗಳುಳ್ಳ ತೇರು ಗಾಜಿನ ಪೆಟ್ಟಿಗೆಯಲ್ಲಿರಲಿ. ಕೂಸಿಗೆ ದೊಡ್ಡ ಗಾಲಿಯ ಸರಳ ತೇರು ಸಾಕು.

ಅಳತೆ ತೆಗೆಯಲು ಜಾತ್ರೆಯ ದಿನ ಸೂಕ್ತವಲ್ಲ. ಆ ದಿನ ಬಟ್ಟೆ, ಬಾವುಟ, ಹೂವುಗಳ ನಡುವೆ ಮರವೇ ಕಾಣದು. ಜಾತ್ರೆ ಮುಗಿದು ಮೇಲಿನ ಅಲಂಕಾರ ಇಳಿದ ಬಳಿಕ ಕೆತ್ತನೆಯ ಪೀಠವಷ್ಟೇ ಉಳಿದಿರುತ್ತದೆ. ದೇವಾಲಯದವರ ಅನುಮತಿ ಪಡೆದು, ಅಳತೆಪಟ್ಟಿ ಮತ್ತು ಪುಸ್ತಕ ಹಿಡಿದು ಹೋಗಲು ಅದೇ ಸಕಾಲ.