‘ಜೇಡರ ಬಲೆ’ಯ ಹಿಂದಿನ ಬಳಗ: ಕಪ್ಪು-ಬಿಳುಪಿನ ಒಂದು ಅಪರಾಧ ಕಥಾಚಿತ್ರದ ನಿರ್ಮಿತಿ

ಕನ್ನಡ ಚಲನಚಿತ್ರವನ್ನು ಕುರಿತ ವಿದ್ವತ್ ಚರ್ಚೆ ಬಹುಮಟ್ಟಿಗೆ ಎರಡು ನೆಲೆಗಳಲ್ಲಿ ನಡೆದುಬಂದಿದೆ. ಪೌರಾಣಿಕ ಹಾಗೂ ಐತಿಹಾಸಿಕ ಚಿತ್ರಗಳು ಒಂದು ನೆಲೆಯಾದರೆ, ೧೯೭೦ರ ‘ಸಂಸ್ಕಾರ’ದಿಂದ ಆರಂಭವಾಗುವ ಹೊಸ ಅಲೆಯ ಚಿತ್ರಗಳು ಇನ್ನೊಂದು. ಶಿವಮೊಗ್ಗ ಜಿಲ್ಲೆಯ ಮಟ್ಟಿಗಂತೂ ಈ ಎರಡನೆಯ ನೆಲೆಯ ಸೆಳೆತ ಸಹಜವಾದದ್ದು. ಯು.ಆರ್. ಅನಂತಮೂರ್ತಿ ಮತ್ತು ಗಿರೀಶ ಕಾಸರವಳ್ಳಿ ಇಬ್ಬರೂ ತೀರ್ಥಹಳ್ಳಿ ಸೀಮೆಯವರು. ಹೆಗ್ಗೋಡಿನ ನೀನಾಸಮ್ ೧೯೭೩ರಲ್ಲೇ ಚಿತ್ರಸಮಾಜವನ್ನು ಕಟ್ಟಿತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂತಹ ಅಧ್ಯಯನ ಕೇಂದ್ರದಲ್ಲಿ ಕುಳಿತು ಸಿನಿಮಾವನ್ನು ಕುರಿತು ಯೋಚಿಸುವವರಿಗೆ ‘ಘಟಶ್ರಾದ್ಧ’ವೇ ಮೊದಲು ಕೈಗೆ ಸಿಗುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದೇ ಶಂಕರಘಟ್ಟದ ಒಂದು ಬದಿಗೆ ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಭದ್ರಾವತಿ, ಇನ್ನೊಂದು ಬದಿಗೆ ಭದ್ರಾ ಅಣೆಕಟ್ಟೆಯ ಕೆಲಸಕ್ಕೆಂದೇ ಹುಟ್ಟಿಕೊಂಡ ಬಡಾವಣೆಗಳಿವೆ. ಪಾಳಿಯ ಕೆಲಸ ಮುಗಿಸಿ ಟಿಕೆಟ್ ಕೊಂಡು ಚಿತ್ರಮಂದಿರದಲ್ಲಿ ಕೂರುತ್ತಿದ್ದ ಪ್ರೇಕ್ಷಕವರ್ಗ ಇಂತಹ ಊರುಗಳಲ್ಲಿ ರೂಪುಗೊಂಡದ್ದು. ಆ ವರ್ಗಕ್ಕೆ ಪ್ರಿಯವಾಗಿದ್ದ ಪತ್ತೇದಾರಿ ಚಿತ್ರಗಳು ಸಂಶೋಧನೆಯ ಅಂಚಿನಲ್ಲೇ ಉಳಿದಿವೆ.

ಅಂತಹ ಚಿತ್ರಗಳಲ್ಲಿ ಮೊದಲು ಹೆಸರಿಸಬೇಕಾದದ್ದು ದೊರೈ-ಭಗವಾನ್ ಜೋಡಿಯ ನಿರ್ದೇಶನದಲ್ಲಿ ೧೯೬೮ರಲ್ಲಿ ತೆರೆಕಂಡ ‘ಜೇಡರ ಬಲೆ’. ರಾಜ್‌ಕುಮಾರ್ ಅವರು ಸಿ.ಐ.ಡಿ. ೯೯೯ ಎಂಬ ಗುಪ್ತಚರನಾಗಿ ಕಾಣಿಸಿಕೊಂಡ ಈ ಚಿತ್ರ, ಜೇಮ್ಸ್ ಬಾಂಡ್ ಮಾದರಿಯ ಪತ್ತೇದಾರಿ ಕಥೆಯನ್ನು ಕನ್ನಡಕ್ಕೆ ತಂದ ಮೊದಲ ಪ್ರಯತ್ನವೆಂದು ಪ್ರಸಿದ್ಧವಾಗಿದೆ. ವಿಜ್ಞಾನಿಯೊಬ್ಬನ ರಹಸ್ಯ ಸೂತ್ರ, ಅದರ ಬೆನ್ನು ಹತ್ತಿದ ದುಷ್ಟಕೂಟ, ಆ ಕೂಟದ ಬೆನ್ನು ಹತ್ತಿದ ಅಧಿಕಾರಿ — ಕಥೆಯ ಹಂದರ ಇಷ್ಟೇ. ಅದಕ್ಕಿಂತ ಹೆಚ್ಚು ಕುತೂಹಲಕರವಾದುದು ಈ ಹಂದರದ ಮೇಲೆ ಚಿತ್ರವನ್ನು ಕಟ್ಟಿದ ಜನರ ಹಿನ್ನೆಲೆ.

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ಮೊದಲೇ ನಿವಾರಿಸಿಕೊಳ್ಳುವುದು ಅಗತ್ಯ. ‘ಜೇಡರ ಬಲೆ’ ಭಾರತದಲ್ಲೇ ಬಾಂಡ್ ಮಾದರಿಯ ಮೊದಲ ಚಿತ್ರವೆಂಬ ಮಾತು ಅಭಿಮಾನದ ಬರಹಗಳಲ್ಲಿ ಮರುಕಳಿಸುತ್ತದೆ. ಕಾಲಾನುಕ್ರಮ ಇದನ್ನು ಸಮರ್ಥಿಸುವುದಿಲ್ಲ. ಮೊದಲ ಬಾಂಡ್ ಚಿತ್ರ ‘ಡಾಕ್ಟರ್ ನೋ’ ೧೯೬೨ರದು. ಅದರ ಅಲೆ ದಕ್ಷಿಣಕ್ಕೆ ತಲುಪಿ, ೧೯೬೬ರಲ್ಲಿ ತೆಲುಗಿನಲ್ಲಿ ಕೃಷ್ಣ ನಟಿಸಿದ ‘ಗೂಢಚಾರಿ ೧೧೬’, ತಮಿಳಿನಲ್ಲಿ ಜೈಶಂಕರ್ ನಟಿಸಿದ ‘ವಲ್ಲವನ್ ಒರುವನ್’ ಬಂದವು. ತೆಲುಗು ಚಿತ್ರವೇ ೧೯೬೭ರಲ್ಲಿ ಹಿಂದಿಯ ‘ಫರ್ಜ್’ ಆಯಿತು. ಕನ್ನಡ ಇವೆಲ್ಲವುಗಳ ನಂತರದ್ದು. ಆದರೆ ಹಿಂದೆ ಬಂದುದರಿಂದ ಅದರ ಮಹತ್ವವೇನೂ ಕುಗ್ಗುವುದಿಲ್ಲ. ಏಕೆಂದರೆ ಕನ್ನಡದಲ್ಲಿ ಈ ಬಗೆಯ ಕಥೆಗೆ ನೆಲ ಹದವಾದದ್ದು ಸಿನಿಮಾದಿಂದಲ್ಲ, ಅಗ್ಗದ ಬೆಲೆಯ ಕಾದಂಬರಿಗಳಿಂದ. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮನ ಸಾಹಸ’ ೧೯೫೨ರಷ್ಟು ಹಿಂದಿನದು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರು ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದು, ಆವರೆಗೆ ಪುಸ್ತಕ ಹಿಡಿಯದಿದ್ದ ಜನರನ್ನು ಓದುಗರನ್ನಾಗಿಸಿದರು. ಕನ್ನಡ ಬಾವುಟದ ರೂವಾರಿಯೆಂದು ಇಂದು ಸ್ಮರಿಸಲ್ಪಡುವ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಕನ್ನಡ ಚಳವಳಿಯ ಮುಂದಾಳೊಬ್ಬರು ಈ ಪ್ರಕಾರದಲ್ಲಿ ಕೃಷಿ ಮಾಡಿದ್ದರೆಂಬುದು ಆಕಸ್ಮಿಕವಲ್ಲ. ಪರಭಾಷೆಯ ಚಿತ್ರಗಳು ಬೆಂಗಳೂರಿನ ಚಿತ್ರಮಂದಿರಗಳನ್ನು ತುಂಬಿದ್ದ, ಡಬ್ಬಿಂಗ್ ವಿರುದ್ಧ ದನಿ ಎದ್ದಿದ್ದ ಆ ದಶಕದಲ್ಲಿ, ಬೇರೆ ಭಾಷೆಯಲ್ಲಿ ಸಿಗುವ ರಂಜನೆ ಕನ್ನಡದಲ್ಲೂ ಸಿಗಬೇಕೆಂಬುದು ಮಾರುಕಟ್ಟೆಯ ಪ್ರಶ್ನೆಯಷ್ಟೇ ಆಗಿರದೆ ಭಾಷೆಯ ಪ್ರಶ್ನೆಯೂ ಆಗಿತ್ತು.

ನಿರ್ದೇಶಕ ಜೋಡಿಯಲ್ಲಿ ಎಸ್.ಕೆ. ಭಗವಾನ್ (೧೯೩೩–೨೦೨೩) ಮೈಸೂರಿನವರು. ಹಿರಣ್ಣಯ್ಯ ಮಿತ್ರ ಮಂಡಳಿಯ ರಂಗಭೂಮಿಯಿಂದ ಬಂದು, ೧೯೫೬ರ ‘ಭಾಗ್ಯೋದಯ’ದಲ್ಲಿ ಕಣಗಾಲ್ ಪ್ರಭಾಕರ ಶಾಸ್ತ್ರಿಗಳ ಸಹಾಯಕರಾಗಿ ಚಿತ್ರರಂಗ ಪ್ರವೇಶಿಸಿದವರು. ೧೯೬೬ರ ‘ಸಂಧ್ಯಾರಾಗ’ ಹಾಗೂ ೧೯೬೭ರ ‘ರಾಜದುರ್ಗದ ರಹಸ್ಯ’ ಚಿತ್ರಗಳಲ್ಲಿ ಎ.ಸಿ. ನರಸಿಂಹಮೂರ್ತಿಯವರೊಂದಿಗೆ ದುಡಿದಿದ್ದರು. ಬಿ. ದೊರೈರಾಜ್ ಛಾಯಾಗ್ರಾಹಕರು. ಜೋಡಿಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿಯಿಂದಾಗಿ ಈ ಸಂಗತಿ ಮರೆಯಾಗಿದೆ. ಚಿತ್ರದ ಇಬ್ಬರು ನಿರ್ದೇಶಕರಲ್ಲಿ ಒಬ್ಬರು ಕ್ಯಾಮೆರಾದ ಹಿಂದಿನಿಂದಲೇ ದೃಶ್ಯವನ್ನು ಯೋಚಿಸಬಲ್ಲವರಾಗಿದ್ದರು, ಇನ್ನೊಬ್ಬರು ಮಾತು ಮತ್ತು ಅಭಿನಯದ ನಾಡಿ ಬಲ್ಲವರಾಗಿದ್ದರು. ಅಪರಾಧ ಕಥಾಚಿತ್ರಕ್ಕೆ ಈ ಕೂಟ ಹೇಳಿ ಮಾಡಿಸಿದಂತಹದು.

ಕಪ್ಪು-ಬಿಳುಪು ಇಲ್ಲಿ ಕೇವಲ ಆಯ್ಕೆಯಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ ೧೯೬೪ರಲ್ಲೇ ಪೂರ್ಣ ಪ್ರಮಾಣದ ವರ್ಣಚಿತ್ರವಾಗಿ ಬಂದಿತ್ತಾದರೂ ಕನ್ನಡದ ನಿರ್ಮಾಪಕರಿಗೆ ವರ್ಣ ನಿಲುಕದ ವೆಚ್ಚವಾಗಿತ್ತು. ವರ್ಣದ ಕಚ್ಚಾ ಫಿಲ್ಮ್ ವಿದೇಶದಿಂದ ಬರಬೇಕು. ೧೯೬೬ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಅದು ಇನ್ನಷ್ಟು ದುಬಾರಿಯಾಯಿತು. ಕೇರಳ, ತಮಿಳುನಾಡು, ಆಂಧ್ರಗಳಂತೆ ಇಲ್ಲಿಯೂ ಸಾಮಾಜಿಕ ಚಿತ್ರಗಳು ೧೯೭೦ರ ದಶಕದವರೆಗೆ ಕಪ್ಪು-ಬಿಳುಪಿನಲ್ಲೇ ನಡೆದವು. ಆದರೆ ಒತ್ತಾಯದಿಂದ ಬಂದ ಮಿತಿ ಈ ಪ್ರಕಾರಕ್ಕೆ ಒದಗಿಬಂತು. ಅರ್ಧ ಮುಖ ಬೆಳಕಿನಲ್ಲಿ ಅರ್ಧ ಕತ್ತಲೆಯಲ್ಲಿ ನಿಲ್ಲುವ ಖಳ, ಗೋಡೆಯ ಮೇಲೆ ಬೀಳುವ ನೆರಳು, ಕ್ಲಬ್ಬಿನ ಹೊಗೆ — ಇವುಗಳನ್ನು ಕೆಲವೇ ದೀಪಗಳಿಂದ ಸಾಧಿಸಬಹುದು. ಬಾಂಡ್ ಚಿತ್ರಗಳ ವೈಭವ ವರ್ಣ ಮತ್ತು ವಿದೇಶಿ ತಾಣಗಳದು. ಅವೆರಡೂ ಇಲ್ಲದೆ ಅದೇ ಬಗೆಯ ಕಥೆ ಹೇಳಬೇಕಾದಾಗ ಭಾರವೆಲ್ಲ ಬೆಳಕು, ಸಂಕಲನ ಮತ್ತು ನಟನ ಮೈಮಾಟದ ಮೇಲೆ ಬೀಳುತ್ತದೆ.

ನಟನ ವಿಚಾರಕ್ಕೆ ಬಂದರೆ, ರಾಜ್‌ಕುಮಾರ್ ಅವರ ೧೯೬೮ರ ಪಟ್ಟಿಯೇ ಒಂದು ಅಧ್ಯಯನದ ವಸ್ತು. ಒಂದೇ ವರ್ಷ ‘ಜೇಡರ ಬಲೆ’, ‘ಮಹಾಸತಿ ಅರುಂಧತಿ’, ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ‘ಹಣ್ಣೆಲೆ ಚಿಗುರಿದಾಗ’, ಗೀತಪ್ರಿಯರ ‘ಮಣ್ಣಿನ ಮಗ’, ‘ಬೆಂಗಳೂರು ಮೈಲ್’, ‘ರೌಡಿ ರಂಗಣ್ಣ’ ಚಿತ್ರಗಳು. ಅವರ ನೂರನೆಯ ಚಿತ್ರ ‘ಭಾಗ್ಯದ ಬಾಗಿಲು’ ಕೂಡ ಅದೇ ವರ್ಷದ್ದು. ಋಷಿ, ರೈತ, ಪಟ್ಟಣಿಗ ಎಲ್ಲವೂ ಆಗಬಲ್ಲ ನಟನಿಗೆ ಕೋಟು ತೊಡಿಸಿ ಕೈಗೆ ಪಿಸ್ತೂಲು ಕೊಡುವುದು ದೊಡ್ಡ ಮಾತಲ್ಲವೆನಿಸಬಹುದು. ವಾಸ್ತವದಲ್ಲಿ ಅದು ಅಪಾಯದ ಪ್ರಯೋಗವೇ. ೧೯೫೪ರ ‘ಬೇಡರ ಕಣ್ಣಪ್ಪ’ದಿಂದ ಭಕ್ತ ಪಾತ್ರಗಳ ಮೂಲಕ ಮನೆಮಾತಾದ ನಟನನ್ನು ಮದ್ಯ, ಮೋಹ, ಜೂಜಿನ ಜಗತ್ತಿನಲ್ಲಿ ಓಡಾಡಿಸಬೇಕಿತ್ತು. ಬಳಗ ಕಂಡುಕೊಂಡ ಪರಿಹಾರ ಸರಳವಾದುದು: ಬಾಂಡನ ಚುರುಕುತನವನ್ನು ಉಳಿಸಿಕೊಂಡು ಅವನ ಚಟಗಳನ್ನು ಕೈಬಿಡುವುದು. ಸಿ.ಐ.ಡಿ. ೯೯೯ ಆ ಜಗತ್ತಿನೊಳಗೆ ಹೊಕ್ಕರೂ ಅದರವನಾಗುವುದಿಲ್ಲ. ಇದನ್ನು ಮಧ್ಯಮವರ್ಗದ ಸಂಕೋಚವೆಂದು ಟೀಕಿಸಲು ಅವಕಾಶವಿದೆ. ಆದರೆ ಕುಟುಂಬಸಮೇತ ಪ್ರೇಕ್ಷಕರು ಈ ಚಿತ್ರಕ್ಕೆ ಬರಲು ಸಾಧ್ಯವಾದದ್ದು ಆ ಸಂಕೋಚದಿಂದಲೇ.

ನಾಯಕಿ ಜಯಂತಿ (ನಿಧನ ೨೦೨೧) ಬಳ್ಳಾರಿಯವರು. ೧೯೬೩ರ ‘ಜೇನುಗೂಡು’ವಿನಿಂದ ಬೆಳಕಿಗೆ ಬಂದವರು. ೧೯೬೫ರ ‘ಮಿಸ್ ಲೀಲಾವತಿ’ಯಲ್ಲಿ ಈಜುಡುಗೆ ತೊಟ್ಟು ಕನ್ನಡ ನಾಯಕಿಯ ಸಿದ್ಧ ಕಲ್ಪನೆಯನ್ನು ಕದಲಿಸಿದ್ದರು. ಹೀಗಾಗಿ ಪತ್ತೇದಾರಿ ಚಿತ್ರಕ್ಕೆ ಬೇಕಾದ ಆಧುನಿಕ ಹೆಣ್ಣು ಅವರಲ್ಲಿ ಆಗಲೇ ಸಿದ್ಧವಾಗಿದ್ದಳು. ಉದಯಕುಮಾರ್ (ನಿಧನ ೧೯೮೫) ಅವರ ಎತ್ತರದ ನಿಲುವು, ಗಡಸು ಕಂಠಗಳು ಎಂತಹ ದೃಶ್ಯಕ್ಕೂ ತೂಕ ತರುತ್ತಿದ್ದವು. ಭಗವಾನ್ ಸಹಾಯಕರಾಗಿ ದುಡಿದ ‘ಭಾಗ್ಯೋದಯ’ವೇ ಉದಯಕುಮಾರರ ಮೊದಲ ಚಿತ್ರವೂ ಹೌದು, ಹನ್ನೆರಡು ವರ್ಷಗಳ ನಂತರ ಅವರಿಬ್ಬರ ದಾರಿ ಇಲ್ಲಿ ಮತ್ತೆ ಕೂಡಿತು. ತಿಪಟೂರಿನ ಟಿ.ಆರ್. ನರಸಿಂಹರಾಜು (೧೯೨೩–೧೯೭೯) ಹಾಸ್ಯದ ಹೊಣೆ ಹೊತ್ತರು. ಇಂಗ್ಲಿಷ್ ಮೂಲದಲ್ಲಿ ಇಂತಹ ಒಡನಾಡಿಯಿಲ್ಲ. ರಾಜನಿಗೊಬ್ಬ ವಿದೂಷಕನೆಂಬ ವೃತ್ತಿನಾಟಕದ ಪದ್ಧತಿಯೇ ಗುಪ್ತಚರನ ಬೆನ್ನಿಗೂ ನಿಂತಿತು ಎನ್ನಬೇಕು.

ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಎರಡು ವರ್ಷ ಹಿಂದೆ ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿಯವರಿಂದ ಹಾಡಿಸಿದ್ದವರೇ ಈಗ ಕ್ಲಬ್ಬಿನ ತುತ್ತೂರಿ, ಗಿಟಾರುಗಳತ್ತ ತಿರುಗಿದರು. ವೆಂಕಟೇಶರನ್ನು ಶಾಸ್ತ್ರೀಯ ಛಾಯೆಯ ಮಾಧುರ್ಯಕ್ಕಾಗಿ ಮಾತ್ರ ನೆನೆಯುವ ವಾಡಿಕೆಯಲ್ಲಿ ಈ ಮಗ್ಗುಲು ಕಾಣೆಯಾಗಿದೆ.

ಚಿತ್ರದ ಯಶಸ್ಸು ಸರಣಿಯೊಂದಕ್ಕೆ ದಾರಿಮಾಡಿತು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. ೯೯೯’, ೧೯೬೯ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’ ಬಂದವು. ಮೊದಲನೆಯದರಿಂದ ಲಕ್ಷ್ಮಿ, ಎರಡನೆಯದರಿಂದ ರೇಖಾ ಕನ್ನಡಕ್ಕೆ ಪರಿಚಿತರಾದರು. ರೇಖಾ ಹಿಂದಿಯಲ್ಲಿ ‘ಸಾವನ್ ಭಾದೋಂ’ ಮೂಲಕ ಹೆಸರಾದದ್ದು ೧೯೭೦ರಲ್ಲಿ. ಗೋವೆಯ ಆಯ್ಕೆಯೂ ಅರ್ಥಪೂರ್ಣ. ೧೯೬೧ರ ಡಿಸೆಂಬರ್‌ನಲ್ಲಷ್ಟೇ ಪೋರ್ಚುಗೀಸರಿಂದ ಬಿಡುಗಡೆಗೊಂಡ ಆ ಕರಾವಳಿ ಕನ್ನಡ ಪ್ರೇಕ್ಷಕನಿಗೆ ನೆರೆಯಲ್ಲೇ ಇದ್ದ ವಿದೇಶವಾಗಿತ್ತು. ೧೯೬೩ರ ಚಿನ್ನದ ನಿಯಂತ್ರಣ ನಿಯಮಗಳ ನಂತರ ಕಳ್ಳಸಾಗಣೆ ದಿನಪತ್ರಿಕೆಯ ನಿತ್ಯದ ಸುದ್ದಿಯಾಗಿದ್ದುದರಿಂದ ಖಳನ ಕಸುಬನ್ನು ವಿವರಿಸುವ ಅಗತ್ಯವೂ ಇರಲಿಲ್ಲ.

ದೊರೈ-ಭಗವಾನ್ ಜೋಡಿಯ ಕೀರ್ತಿ ಇಂದು ನಿಂತಿರುವುದು ‘ಕಸ್ತೂರಿ ನಿವಾಸ’ (೧೯೭೧), ‘ಎರಡು ಕನಸು’ (೧೯೭೪), ‘ಬಯಲು ದಾರಿ’ (೧೯೭೬) ಮೊದಲಾದ ಕೌಟುಂಬಿಕ ಚಿತ್ರಗಳ ಮೇಲೆ. ‘ಕಸ್ತೂರಿ ನಿವಾಸ’ವನ್ನು ೨೦೧೪ರಲ್ಲಿ ವರ್ಣೀಕರಿಸಿ ಮರುಬಿಡುಗಡೆ ಮಾಡಲಾಯಿತು, ಅದೇ ಕೈಗಳು ಮೂರು ವರ್ಷ ಮೊದಲು ಬೆಳಕು ತೂಗಿದ ಪತ್ತೇದಾರಿ ಚಿತ್ರಗಳಿಗೆ ಆ ಆದರ ದೊರೆಯಲಿಲ್ಲ. ಹೊಡೆದಾಟದಲ್ಲಿ ಬಿದ್ದು ಎದ್ದ ಸಾಹಸ ಕಲಾವಿದರು, ದೀಪ ಹೊತ್ತವರು, ಕ್ಲಬ್ಬಿನ ದೃಶ್ಯದಲ್ಲಿ ವಾದ್ಯ ನುಡಿಸಿದವರ ಶ್ರಮ ಶೀರ್ಷಿಕೆಯ ಕೆಲವು ಕ್ಷಣಗಳಲ್ಲೂ ಪೂರ್ತಿಯಾಗಿ ದಾಖಲಾಗುವ ಪದ್ಧತಿ ಆಗ ಇರಲಿಲ್ಲ. ದೊರೈರಾಜ್ ೨೦೦೦ದಲ್ಲಿ ತೀರಿಕೊಂಡರು. ಬಹುಕಾಲದ ನಂತರ ಭಗವಾನ್ ಒಬ್ಬರೇ ೨೦೧೯ರಲ್ಲಿ ‘ಆಡುವ ಗೊಂಬೆ’ಯನ್ನು ನಿರ್ದೇಶಿಸಿದರು.

ಸಿ.ಐ.ಡಿ. ೯೯೯ ಕೊನೆಯ ಬಾರಿ ತೆರೆಗೆ ಬಂದದ್ದು ೧೯೭೮ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ. ಆ ಹೊತ್ತಿಗೆ ವರ್ಣ ಕೈಗೆಟುಕಿತ್ತು. ಮೊದಲ ಚಿತ್ರಗಳ ಕಾಲದಲ್ಲಿ ಪಿ.ಬಿ. ಶ್ರೀನಿವಾಸರ ಕಂಠವನ್ನು ಆಶ್ರಯಿಸಿದ್ದ ರಾಜ್‌ಕುಮಾರ್ ಅದರಲ್ಲಿ ತಾವೇ ಹಾಡಿದರು, ಅದೂ ಇಡೀ ಒಂದು ಗೀತೆಯನ್ನು ಇಂಗ್ಲಿಷಿನಲ್ಲಿ. ಸಂಗೀತ ಆಗಲೂ ವೆಂಕಟೇಶ್ ಅವರದೇ.