ಕರುಳಿನ ಶಸ್ತ್ರಕ್ರಿಯೆಯ ಉತ್ತರಕಥೆ

ವಿಜಯಪುರದ ಇಬ್ರಾಹಿಂಪುರದಲ್ಲಾಗಲಿ, ತಿಕೋಟ ಬಬಲೇಶ್ವರಗಳ ದ್ರಾಕ್ಷಿತೋಟಗಳ ನಡುವಣ ಊರುಗಳಲ್ಲಾಗಲಿ, ಒಬ್ಬ ತರುಣನಿಗೆ ಬಲಗಡೆಯ ಕಿಬ್ಬೊಟ್ಟೆಯಲ್ಲಿ ಬಿಟ್ಟುಬಿಟ್ಟು ನುಲಿಯುವ ನೋವು, ಉಂಡೊಡನೆ ಹೊಟ್ಟೆಯುಬ್ಬರ, ತಿಂಗಳುಗಟ್ಟಲೆ ಭೇದಿ, ಇಳಿಯುತ್ತ ಹೋಗುವ ಮೈತೂಕ ಇವೆಲ್ಲ ಒಟ್ಟಿಗೆ ತೋರಿದರೆ ವೈದ್ಯರ ಮನಸ್ಸಿಗೆ ಮೊದಲು ಹೊಳೆಯುವುದು ಕರುಳಿನ ಕ್ಷಯ. ನಮ್ಮ ದೇಶದಲ್ಲಿ ಹಾಗೆ ಹೊಳೆಯುವುದು ನ್ಯಾಯವೇ ಸರಿ. ಆದರೆ ಸಣ್ಣಕರುಳು ದೊಡ್ಡಕರುಳನ್ನು ಕೂಡುವ ಅದೇ ಸಂಧಿಸ್ಥಾನವನ್ನು ಹಿಡಿದು, ಅದೇ ಬಗೆಯ ಹುಣ್ಣುಗಳನ್ನೂ ಸಂಕೋಚವನ್ನೂ ಉಂಟುಮಾಡುವ ಕ್ರೋನ್ಸ್ ಎಂಬ ಇನ್ನೊಂದು ವ್ಯಾಧಿಯುಂಟು. ಕ್ಷಯದ ಹುಣ್ಣು ಸರಿಯಾದ ಗುಳಿಗೆಗೆ ಎರಡು ಮೂರು ತಿಂಗಳಲ್ಲಿ ಮಾಯತೊಡಗುತ್ತದೆ, ಕ್ರೋನ್ಸ್‌ನದು ಮಾಯುವುದಿಲ್ಲ. ಎಷ್ಟೋ ರೋಗಿಗಳಲ್ಲಿ ಈ ಭೇದವು ಗುಳಿಗೆ ನುಂಗಿದ ಮೇಲೆಯೇ ಸ್ಪಷ್ಟವಾಗುತ್ತದೆ.

ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಡಾಲ್ಜೀಲ್ ಈ ಕ್ರೋನ್ಸ್ ವ್ಯಾಧಿಯನ್ನು 1913ರಲ್ಲಿಯೇ ವರ್ಣಿಸಿದ್ದನು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಆಪನ್‌ಹೈಮರ್ ಎಂಬ ಮೂವರು 14 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಶಸ್ತ್ರಕ್ರಿಯೆ ನಡೆಸಿದ ಬರ್ಗ್ ತನ್ನ ಹೆಸರು ಬೇಡವೆಂದನಂತೆ. ಅಕ್ಷರಾನುಕ್ರಮದಲ್ಲಿ ಮೊದಲು ನಿಂತ ಕ್ರೋನನ ಹೆಸರು ರೋಗಕ್ಕೆ ಶಾಶ್ವತವಾಗಿ ಅಂಟಿಕೊಂಡಿತು. ಕೆಟ್ಟ ಭಾಗವನ್ನು ಕೊಯ್ದು ತೆಗೆದರೆ ರೋಗಿ ಗುಣವಾದನೆಂಬುದು ಅಂದಿನ ನಂಬುಗೆ. ಅದು ಬಹುಕಾಲ ನಿಲ್ಲಲಿಲ್ಲ. ಕೆಲವು ವರ್ಷಗಳಲ್ಲಿಯೇ ರೋಗವು ಹೊಲಿಗೆ ಹಾಕಿದ ಸಂಧಿಯಲ್ಲಿ, ಅದರಲ್ಲಿಯೂ ಅದರ ಮೇಲ್ಬದಿಯ ಸಣ್ಣಕರುಳಿನಲ್ಲಿ, ಮತ್ತೆ ತಲೆಯೆತ್ತುವುದು ಕಂಡುಬಂದಿತು.

ಹಾಗಾದರೆ ಸಾಲದಷ್ಟು ಕೊಯ್ದೆವೆಂದು ಬಗೆದು ಇನ್ನೂ ಅಗಲವಾಗಿ ಆರೋಗ್ಯವಂತ ಕರುಳನ್ನೂ ಸೇರಿಸಿ ಕೊಯ್ಯುವ ಪದ್ಧತಿ ಬಂದಿತು. ಈ ವಾದಕ್ಕೆ ಉತ್ತರ ದೊರೆತದ್ದು 1996ರಲ್ಲಿ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಫಾಜಿಯೋ ಮತ್ತು ಸಂಗಡಿಗರು, ರೋಗದ ಅಂಚಿನಿಂದ 2 ಸೆಂಟಿಮೀಟರ್ ಬಿಟ್ಟು ಕೊಯ್ದರೂ 12 ಸೆಂಟಿಮೀಟರ್ ಬಿಟ್ಟು ಕೊಯ್ದರೂ ಮರುಕಳಿಕೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು ತೋರಿಸಿದರು. ಒಮ್ಮೆ ಕಳೆದುಹೋದ ಕರುಳು ಮತ್ತೆ ಬೆಳೆಯತಕ್ಕದ್ದಲ್ಲವಾದುದರಿಂದ, ಪದೇ ಪದೇ ಕತ್ತಿಗೆ ಒಡ್ಡಿಕೊಳ್ಳಬೇಕಾದ ರೋಗಿಗೆ ಇದರಷ್ಟು ಉಪಕಾರಕವಾದ ಅರಿವು ಮತ್ತೊಂದಿಲ್ಲವೆಂದೇ ನನ್ನ ಎಣಿಕೆ.

ಕರುಳನ್ನು ಉಳಿಸುವ ಇನ್ನೊಂದು ಉಪಾಯಕ್ಕೆ ದಾರಿ ತೋರಿದವರು ಭಾರತೀಯರು. ಕ್ಷಯದಿಂದ ಸಂಕುಚಿತವಾದ ಕರುಳನ್ನು ಕತ್ತರಿಸಿ ಎಸೆಯದೆ, ಇಕ್ಕಟ್ಟಾದ ಭಾಗವನ್ನು ಉದ್ದಕ್ಕೆ ಸೀಳಿ, ಆ ಸೀಳನ್ನು ಅಡ್ಡಲಾಗಿ ಹೊಲಿದರೆ ದಾರಿ ಅಗಲವಾಗುವುದೆಂಬುದನ್ನು ಕಟಾರಿಯಾ ಮತ್ತು ಅವರ ಸಹೋದ್ಯೋಗಿಗಳು 1977ರಲ್ಲಿ ಪ್ರಕಟಿಸಿದರು. ಆಕ್ಸ್‌ಫರ್ಡಿನ ಎಮಾನುಯೆಲ್ ಲೀ ಅದನ್ನು ಕ್ರೋನ್ಸ್ ರೋಗಿಗಳಿಗೆ ಅಳವಡಿಸಿದ ವರದಿ 1982ರಲ್ಲಿ ಬಂದಿತು. ಪಾಶ್ಚಾತ್ಯರಿಂದಲೇ ವಿದ್ಯೆ ಹರಿದು ಬರುವುದೆಂದು ನಂಬಿದವರು ಈ ಪ್ರಸಂಗವನ್ನು ನೆನೆಯಬೇಕು.

ಇನ್ನು ಕೂಡಿಸುವ ಹೊಲಿಗೆಯ ವಿಚಾರ. ಕರುಳಿಗೆ ರಕ್ತನಾಳಗಳನ್ನು ತರುವ ಮೆಸೆಂಟರಿ ಎಂಬ ಕೊಬ್ಬಿನ ಪದರವು ಅಂಟಿರುವ ಬದಿಯಲ್ಲಿಯೇ ಕ್ರೋನ್ಸ್ ಹುಣ್ಣುಗಳು ಮೊದಲಾಗುತ್ತವೆ. ಇದನ್ನು ಗಮನಿಸಿದ ಜಪಾನಿನ ಅಸಾಹಿಕಾವಾದ ತೋರು ಕೋನೋ 2003ರಲ್ಲಿ ಹೊಸದೊಂದು ಕ್ರಮವನ್ನು ಕೈಕೊಂಡನು: ಎರಡು ತುದಿಗಳನ್ನೂ ಮುಚ್ಚಿ, ಅವನ್ನು ಒಂದಕ್ಕೊಂದು ಹೊಲಿದು ನಡುವೆ ಆಧಾರಸ್ತಂಭವನ್ನು ನಿರ್ಮಿಸಿ, ಮೆಸೆಂಟರಿಗೆ ಎದುರಾದ ಬದಿಯಲ್ಲಿ ಉದ್ದಕ್ಕೆ ತೆರೆದು ಅಡ್ಡಲಾಗಿ ಕೂಡಿಸುವುದು. ಇಟಲಿಯ ನೇಪಲ್ಸ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳಿಗೆ ಈ ವಿಧಾನದವರಲ್ಲಿ ಶೇಕಡಾ 22 ಮಂದಿಗೂ ರೂಢಿಯ ವಿಧಾನದವರಲ್ಲಿ ಶೇಕಡಾ 63 ಮಂದಿಗೂ ಹುಣ್ಣು ಮರಳಿತ್ತು. ರೋಗಿಗಳು ಒಟ್ಟು 79 ಮಂದಿ ಮಾತ್ರ. ಆದುದರಿಂದ ಉತ್ಸಾಹಕ್ಕೆ ಕಡಿವಾಣವಿರಲಿ. ಮೆಸೆಂಟರಿಯನ್ನೇ ಕಿತ್ತುಹಾಕಿದರೆ ಮರುಕಳಿಕೆ ಬಹಳ ಕುಗ್ಗುವುದೆಂದು 2018ರಲ್ಲಿ ಐರ್ಲೆಂಡಿನಿಂದ ಆಶಾದಾಯಕ ವಾರ್ತೆ ಬಂದಿತ್ತು. 2024ರ ಯುರೋಪಿನ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ.

ಹೊಲಿಗೆ ಯಾವುದೇ ಇರಲಿ, ನಮ್ಮ ರೋಗಿಗಳು ಎಡವುವುದು ಆಮೇಲೆ. ಗಾಯ ಮಾಯಿತು, ನೋವು ಹೋಯಿತು, ಜೋಳದ ರೊಟ್ಟಿ ಮತ್ತೆ ಪಚನವಾಗತೊಡಗಿತು. ಇನ್ನು ಸೊಲ್ಲಾಪುರಕ್ಕೋ ಬೆಂಗಳೂರಿಗೋ ಹೋಗಿ ಹಣ ಸುರಿಯುವುದೇಕೆಂದು ಮನೆಯವರು ಕೇಳುತ್ತಾರೆ. ಇದಕ್ಕೆ ಬೆಲ್ಜಿಯಮ್ಮಿನ ರುಟ್‌ಗೀರ್ಟ್ಸ್ 1990ರಲ್ಲಿಯೇ ಉತ್ತರವಿತ್ತಿದ್ದಾನೆ: ಶಸ್ತ್ರಕ್ರಿಯೆಯಾದ ಒಂದು ವರ್ಷದೊಳಗೆ ಶೇಕಡಾ 73 ಮಂದಿಯ ಕರುಳಿನಲ್ಲಿ ದುರ್ಬೀನು ಹುಣ್ಣನ್ನು ತೋರಿತು, ಆದರೆ ಬೇನೆಯ ಲಕ್ಷಣವಿದ್ದವರು ಶೇಕಡಾ 20 ಮಾತ್ರ. ಎಂದರೆ ಹೊಟ್ಟೆ ಸುಮ್ಮನಿದ್ದಾಗಲೇ ರೋಗ ಕೆಲಸ ಮಾಡುತ್ತಿರುತ್ತದೆ. ಆಸ್ಟ್ರೇಲಿಯ ನ್ಯೂಜಿಲೆಂಡ್‌ಗಳ 2015ರ ಅಧ್ಯಯನದಲ್ಲಿ, ಆರನೆಯ ತಿಂಗಳಿನಲ್ಲಿ ಕೊಲೊನೊಸ್ಕೋಪಿ ಎಂಬ ಆ ದುರ್ಬೀನಿನ ಪರೀಕ್ಷೆ ಮಾಡಿಸಿ ಹುಣ್ಣು ಕಂಡೊಡನೆ ಔಷಧವನ್ನು ಬಲಪಡಿಸಿದವರಿಗೆ ಹೆಚ್ಚು ಪ್ರಯೋಜನವಾಯಿತು.

ಆದುದರಿಂದ ಈ ಶಸ್ತ್ರಕ್ರಿಯೆಗೆ ಒಳಗಾದವರು ಮೈ ಎಷ್ಟೇ ಹಗುರವಾಗಿದ್ದರೂ ಆರನೆಯ ತಿಂಗಳಿಗೆ ಕೊಲೊನೊಸ್ಕೋಪಿಯ ದಿನವನ್ನು ಆಸ್ಪತ್ರೆಯಿಂದ ಹೊರಡುವಾಗಲೇ ಗೊತ್ತುಮಾಡಿಕೊಳ್ಳಲಿ. ಸಣ್ಣಕರುಳಿನ ಕೊನೆಯ ಭಾಗ ಹೋದವರು ಬಿ12 ಜೀವಸತ್ವದ ಪರೀಕ್ಷೆಯನ್ನು ಮರೆಯದಿರಲಿ. ಬೀಡಿ ಸಿಗರೇಟು ಸೇದುವವರು ಅದನ್ನು ಇಂದೇ ಬಿಡಲಿ, ಏಕೆಂದರೆ ಧೂಮಪಾನಿಗಳಲ್ಲಿ ಈ ರೋಗ ಮರಳುವ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು.